ಕುದುರೆಮುಖದ ಎತ್ತರ 215 ಮೀಟರ್

ಕುದುರೆಮುಖದ ತುದಿ ಸಮುದ್ರಮಟ್ಟದಿಂದ 1,894 ಮೀಟರ್ ಎತ್ತರದಲ್ಲಿದೆ. ಸಂಸೆಯ ಕಡೆಯಿಂದ ಮುಳ್ಳೋಡಿಗೆ ಹೋಗಿ, ಶೋಲಾ ಕಾಡು, ಹುಲ್ಲುಗಾವಲು ದಾಟಿ ಹತ್ತಿದವರಿಗೆ ಈ ಅಂಕಿಯನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕಾಗಿಲ್ಲ. ಮೋಡ ಸರಿದ ದಿನ ತುದಿಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಅರಬ್ಬಿ ಸಮುದ್ರ ಕಾಣುತ್ತದೆ. ಆ ನೀರಿನ ಮಟ್ಟಕ್ಕೂ ನಿಂತ ಬಂಡೆಗೂ ನಡುವಿನ ಎತ್ತರ 1,894 ಮೀಟರ್ ಎಂದು ನಕ್ಷೆ ಹೇಳುತ್ತದೆ, ಸರ್ವೆಯವರೂ ಹೇಳುತ್ತಾರೆ.

ಇದೇ ಎತ್ತರವನ್ನು ಹಗಲು ರಾತ್ರಿ ಎನ್ನದೆ, ಆಷಾಢದ ಮಳೆ ಎನ್ನದೆ, ಮೇಲಿನಿಂದ ಕೆಳಕ್ಕೆ ದಾಟುತ್ತಲೇ ಇರುವ ಬೇರೆ ಪ್ರಯಾಣಿಕರಿದ್ದಾರೆ. ಅವರಲ್ಲಿ ಒಂದು ಗುಂಪಿನ ಪಾಲಿಗೆ ಕುದುರೆಮುಖದ ಎತ್ತರ ಬರೀ 215 ಮೀಟರ್. ಜೋಗದಲ್ಲಿ ನೀರು ಧುಮುಕುವ ಆಳ 253 ಮೀಟರ್. ಅಂದರೆ ಚಿಕ್ಕಮಗಳೂರು ಜಿಲ್ಲೆಯ ಈ ಮಹಾಶಿಖರ ಆ ಪ್ರಯಾಣಿಕರ ಅಳತೆಯಲ್ಲಿ ಜೋಗದ ಗುಂಡಿಯೊಳಗೆ ನಿಂತರೂ ಮೇಲೆ ಹಣಕುವುದಿಲ್ಲ. ಇದು ಕಲ್ಪನೆಯಲ್ಲ, ಕಣ್ಕಟ್ಟೂ ಅಲ್ಲ. ಕುದುರೆಮುಖದಷ್ಟೇ ಎತ್ತರದ ಇನ್ನೊಂದು ಬೆಟ್ಟದ ಮೇಲೆ ಗಂಟೆಗಟ್ಟಲೆ ಕೂತು, ಒಂದೊಂದಾಗಿ ಎಣಿಸಿ ಕಂಡುಕೊಂಡ ಸತ್ಯ.

ಈ ಪ್ರಯಾಣಿಕರ ಹೆಸರು ಮ್ಯೂಯಾನ್. ಎಲೆಕ್ಟ್ರಾನಿನ ಬಳಗಕ್ಕೇ ಸೇರಿದ ಕಣ. ವಿದ್ಯುದಂಶ ಅಷ್ಟೇ, ತೂಕ ಮಾತ್ರ ಸುಮಾರು 207 ಪಟ್ಟು. ಹುಟ್ಟುವುದು ನಮ್ಮ ತಲೆಯ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಅಂತರಿಕ್ಷದಿಂದ ಧಾವಿಸಿ ಬರುವ ಪ್ರೋಟಾನುಗಳು ಗಾಳಿಯ ಪರಮಾಣುಗಳ ಬೀಜಕ್ಕೆ ಬಡಿದಾಗ ಪಯಾನ್ ಎಂಬ ಕಣಗಳು ಸಿಡಿಯುತ್ತವೆ, ಪಯಾನುಗಳು ಕ್ಷಣಾರ್ಧಕ್ಕಿಂತ ಎಷ್ಟೋ ಮೊದಲೇ ಒಡೆದು ಮ್ಯೂಯಾನುಗಳಾಗುತ್ತವೆ.

ಎಷ್ಟು ಬೀಳುತ್ತವೆ? ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ, ಅಂದರೆ ಉಗುರಿನಷ್ಟು ಜಾಗಕ್ಕೆ, ನಿಮಿಷಕ್ಕೆ ಸುಮಾರು ಒಂದು. ಕೇಳಲು ಕಡಿಮೆ ಎನಿಸುತ್ತದೆ. ಹೊರನಾಡಿನಲ್ಲಿ ಕೂತು ಲೆಕ್ಕ ಹಾಕೋಣ. ಊಟಕ್ಕೆ ಹಾಸಿದ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಬಾಳೆಲೆಯ ಮೂಲಕ ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು. ರಾತ್ರಿ ಎಂಟು ಗಂಟೆ ಮಲಗಿದವರ ಮೈಯ ಮೂಲಕ ಇಪ್ಪತ್ತು ಲಕ್ಷಕ್ಕೂ ಮೀರಿ. ಮೂವತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಒಂದು ಕಾಫಿ ಅಂಗಳದ ಮೇಲೆ ನಿಮಿಷಕ್ಕೆ ಅರವತ್ತು ಲಕ್ಷ. ಒಂದು ಎಕರೆ ತೋಟದ ಮೇಲೆ ನಿಮಿಷಕ್ಕೆ ನಾಲ್ಕು ಕೋಟಿ. ನೆರಳಿಗೆ ಬಿಟ್ಟ ಹಲಸು, ಅತ್ತಿ, ಸಿಲ್ವರ್ ಓಕ್ ಯಾವುದೂ ಅವಕ್ಕೆ ಅಡ್ಡಿಯಲ್ಲ. ಹೆಂಚು, ಮಾಡು, ನಮ್ಮ ಮೂಳೆ ಎಲ್ಲವನ್ನೂ ಹಾದು ನೆಲದೊಳಕ್ಕೆ ಇಳಿಯುತ್ತವೆ. ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ನಡೆಸುವ ಗ್ರೇಪ್ಸ್-3 ಎಂಬ ಪ್ರಯೋಗದಲ್ಲಿ ಮ್ಯೂಯಾನುಗಳನ್ನು ಎಣಿಸುವ ಉಪಕರಣದ ಹರವು 560 ಚದರ ಮೀಟರ್, ಹೆಚ್ಚುಕಡಿಮೆ ನಾನು ಹೇಳಿದ ಅಂಗಳದಷ್ಟೇ. ಕಾಂಕ್ರೀಟಿನ ಹೊದಿಕೆಯನ್ನು ದಾಟಿ ಬಂದ ಗಟ್ಟಿ ಮ್ಯೂಯಾನುಗಳೇ ಅಲ್ಲಿ ದಿನಕ್ಕೆ ಸುಮಾರು 400 ಕೋಟಿ ದಾಖಲಾಗುತ್ತವೆ.

ಈಗ ತೊಡಕಿಗೆ ಬರೋಣ. ಮ್ಯೂಯಾನ್ ಅಲ್ಪಾಯುಷಿ. ನಿಂತಲ್ಲೇ ನಿಂತ ಮ್ಯೂಯಾನಿನ ಸರಾಸರಿ ಆಯುಷ್ಯ 2.2 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದ ಭಾಗಗಳಲ್ಲಿ ಎರಡಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಬೆಳಕೇ ಹೋಗಬಲ್ಲ ದೂರ 659 ಮೀಟರ್. ಬೆಳಕನ್ನು ಮೀರಿಸಿ ಓಡಲು ಯಾವುದಕ್ಕೂ ಸಾಧ್ಯವಿಲ್ಲ. ಒಂದು ಆಯುಷ್ಯ ಕಳೆಯುವಷ್ಟರಲ್ಲಿ ನೂರರಲ್ಲಿ 37 ಉಳಿಯುತ್ತವೆ, ಎರಡು ಕಳೆದಾಗ 14, ಮೂರು ಕಳೆದಾಗ 5. ಹದಿನೈದು ಕಿಲೋಮೀಟರ್ ಇಳಿಯಲು ಬೇಕಾದದ್ದು ಹೆಚ್ಚುಕಡಿಮೆ 23 ಆಯುಷ್ಯ. ಅಷ್ಟು ದೂರ ಬಾಳಿ ಬರುವುದು ಸುಮಾರು 775 ಕೋಟಿಯಲ್ಲಿ ಒಂದೇ ಒಂದು.

ಈ ಲೆಕ್ಕ ನಿಜವಾಗಿದ್ದರೆ ನಮ್ಮ ಕಾಫಿ ಅಂಗಳದ ಮೇಲೆ ಬೀಳುತ್ತಿದ್ದದ್ದು ಹದಿಮೂರು ಗಂಟೆಗೆ ಒಂದು ಮ್ಯೂಯಾನ್. ಬೀಳುತ್ತಿರುವುದು ನಿಮಿಷಕ್ಕೆ ಅರವತ್ತು ಲಕ್ಷ. ತಾಳೆಯಾಗದ ಲೆಕ್ಕಗಳನ್ನು ವಿಜ್ಞಾನದಲ್ಲಿ ಬೇಕಾದಷ್ಟು ನೋಡುತ್ತೇವೆ. ಶೇಕಡಾ ಒಂದೋ ಎರಡೋ ಆಚೀಚೆಯಾದರೆ ಉಪಕರಣವನ್ನು ಶಂಕಿಸಬಹುದು. ಇಲ್ಲಿರುವುದು ನೂರಾರು ಕೋಟಿ ಪಟ್ಟಿನ ಅಂತರ. ಉಪಕರಣದ ತಪ್ಪು ಇಷ್ಟು ದೊಡ್ಡದಾಗಲಾರದು. ದೂರ ಎಂದರೇನು, ಕಾಲ ಎಂದರೇನು ಎಂಬ ನಮ್ಮ ತಿಳಿವಳಿಕೆಯಲ್ಲೇ ಎಲ್ಲೋ ಕೊರೆ ಇರಬೇಕು.

ಆ ಕೊರೆಯನ್ನು ಐನ್‌ಸ್ಟೈನ್ 1905ರಲ್ಲೇ ತುಂಬಿದ್ದರು. ಆಗ ಮ್ಯೂಯಾನಿನ ಸುಳಿವೂ ಯಾರಿಗೂ ಇರಲಿಲ್ಲ. ಅವರ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಯಾವುದೇ ವಸ್ತು ನಮ್ಮೆದುರು ಓಡುತ್ತಿದ್ದರೆ ಓಟದ ದಿಕ್ಕಿನಲ್ಲಿ ಅದರ ಉದ್ದ ನಮ್ಮ ಅಳತೆಗೆ ಕಡಿಮೆ ಬರುತ್ತದೆ. ಎಷ್ಟು ಕಡಿಮೆ ಎಂಬುದು ವೇಗವೊಂದನ್ನೇ ಅವಲಂಬಿಸಿದೆ. ಬೆಳಕಿನ ಅರ್ಧ ವೇಗಕ್ಕೆ ನೂರು ಮೀಟರಿನದು 87 ಮೀಟರ್ ಆಗುತ್ತದೆ. ಬೆಳಕಿನ ವೇಗದ ಶೇ. 90ಕ್ಕೆ 44 ಮೀಟರ್. ಶೇ. 99ಕ್ಕೆ 14. ಶೇ. 99.9ಕ್ಕೆ ನಾಲ್ಕೂವರೆ. ಶೇ. 99.99ಕ್ಕೆ ಒಂದೂವರೆ ಮೀಟರಿಗಿಂತ ತುಸು ಕಡಿಮೆ. ಈ ಸಾಲನ್ನು ನಾನು ಎಷ್ಟು ಸಲ ಬರೆದಿದ್ದೇನೋ, ಬರೆದಾಗಲೆಲ್ಲ ಬೆರಗಾಗುತ್ತದೆ. ಕೊನೆಯ ಹೆಜ್ಜೆಗಳಲ್ಲಿ ವೇಗ ಹೆಚ್ಚುವುದು ಲೆಕ್ಕಕ್ಕೇ ಸಿಗದಷ್ಟು, ಉದ್ದ ಕುಸಿಯುವುದು ಮೂರರಲ್ಲೊಂದು ಪಾಲಿಗೆ.

ಮ್ಯೂಯಾನಿನ ಕಡೆಯಿಂದ ನೋಡಿದರೆ ತಾನು ನಿಂತಿದೆ. ವಾಯುಮಂಡಲ, ಬೆಟ್ಟ, ಹೊರನಾಡು, ಭದ್ರೆ ಎಲ್ಲವೂ ಕೆಳಗಿನಿಂದ ತನ್ನತ್ತ ಧಾವಿಸುತ್ತಿವೆ. ಧಾವಿಸುವ ವಸ್ತು ಕುಗ್ಗಬೇಕು. ನೆಲ ಮುಟ್ಟುವ ಒಂದು ಸಾಧಾರಣ ಮ್ಯೂಯಾನ್ ಹುಟ್ಟುವಾಗ ವಾಯುಮಂಡಲ ಅದಕ್ಕೆ ಸುಮಾರು 57 ಪಟ್ಟು ಕುಗ್ಗಿರುತ್ತದೆ. ದಾರಿಯುದ್ದಕ್ಕೂ ಗಾಳಿಗೆ ಶಕ್ತಿ ತೆತ್ತು ಕೆಳಗೆ ತಲುಪುವ ಹೊತ್ತಿಗೆ ಸುಮಾರು 38 ಪಟ್ಟು. ನಡುವಿನ ಲೆಕ್ಕ ಹಿಡಿದರೆ, ನಮ್ಮ 15 ಕಿಲೋಮೀಟರ್ ಗಾಳಿ ಅದಕ್ಕೆ ಸುಮಾರು 320 ಮೀಟರ್ ದಪ್ಪದ ಪದರ. 659 ಮೀಟರಿನ ಆಯುಷ್ಯ ಇರುವ ಕಣಕ್ಕೆ 320 ಮೀಟರ್ ದೊಡ್ಡದಲ್ಲ. ನೂರಕ್ಕೆ ಅರವತ್ತು ಬದುಕಿ ಬರುತ್ತವೆ.

1941ರಲ್ಲಿ ಬ್ರೂನೋ ರಾಸಿ ಮತ್ತು ಡೇವಿಡ್ ಹಾಲ್ ಅಮೆರಿಕದ ಕೊಲರಾಡೊದಲ್ಲಿ ಎಕೋ ಲೇಕ್ ಎಂಬ ಎತ್ತರದ ಜಾಗದಲ್ಲೂ ಕೆಳಗಿನ ಡೆನ್ವರ್ ನಗರದಲ್ಲೂ ಎಣಿಸಿ ಇದನ್ನು ಮೊದಲು ಪರೀಕ್ಷೆಗೆ ಒಡ್ಡಿದರು. ಆದರೆ ಮನಸ್ಸಿಗೆ ನಾಟುವಂತೆ ಮಾಡಿ ತೋರಿಸಿದವರು ಎಂಐಟಿಯ ಡೇವಿಡ್ ಫ್ರಿಶ್ ಮತ್ತು ಅವರ ಜೊತೆಗಾರ ಜೇಮ್ಸ್ ಸ್ಮಿತ್. ಅವರ ವರದಿ ಪ್ರಕಟವಾದದ್ದು 1963ರಲ್ಲಿ. ಅವರು ಆರಿಸಿಕೊಂಡದ್ದು ನ್ಯೂ ಹ್ಯಾಂಪ್‌ಷೈರಿನ ಮೌಂಟ್ ವಾಷಿಂಗ್ಟನ್. ಅವರ ಉಪಕರಣ ಬೆಟ್ಟದ ಮೇಲೆ ಇದ್ದ ಜಾಗಕ್ಕೂ ಸಮುದ್ರಮಟ್ಟದ ಕೇಂಬ್ರಿಜ್‌ಗೂ ನಡುವಿನ ಎತ್ತರ 1,907 ಮೀಟರ್. ಕುದುರೆಮುಖಕ್ಕಿಂತ ಹದಿಮೂರು ಮೀಟರ್ ಹೆಚ್ಚು, ಅಷ್ಟೇ. ಆದ್ದರಿಂದ ಅವರ ಬೆಟ್ಟದ ಲೆಕ್ಕವನ್ನು ನಮ್ಮ ಬೆಟ್ಟಕ್ಕೆ ನಿಶ್ಚಿಂತೆಯಿಂದ ತರಬಹುದು.

ಅವರ ಉಪಾಯ ಸರಳ. ಮ್ಯೂಯಾನ್ ಬಂದು ನಿಂತಾಗ ಒಮ್ಮೆ ಮಿಂಚುವ, ಅದು ಸತ್ತಾಗ ಇನ್ನೊಮ್ಮೆ ಮಿಂಚುವ ಒಂದು ಪ್ಲಾಸ್ಟಿಕ್ ತುಂಡು. ಎರಡು ಮಿಂಚುಗಳ ನಡುವಿನ ಕಾಲವೇ ಅಲ್ಲಿ ನಿಂತ ಮೇಲೆ ಆ ಮ್ಯೂಯಾನ್ ಬಾಳಿದ ಕಾಲ. ಉಪಕರಣದ ಮೇಲೆ ಎರಡೂವರೆ ಅಡಿಯಷ್ಟು ದಪ್ಪಕ್ಕೆ ಕಬ್ಬಿಣ ಪೇರಿಸಿದರು. ನಿಧಾನದವು ಕಬ್ಬಿಣದಲ್ಲೇ ಇಂಗುತ್ತವೆ, ತೀರ ವೇಗದವು ಪ್ಲಾಸ್ಟಿಕ್ಕನ್ನೂ ಹಾದು ಹೋಗುತ್ತವೆ. ಬೆಳಕಿನ ವೇಗದ ಶೇ. 99.5ರ ಆಸುಪಾಸಿನವು ಮಾತ್ರ ಸರಿಯಾಗಿ ಪ್ಲಾಸ್ಟಿಕ್ಕಿನೊಳಗೆ ನಿಲ್ಲುತ್ತವೆ. ಹೀಗೆ ಒಂದೇ ವೇಗದ ಗುಂಪನ್ನು ಬೇರ್ಪಡಿಸಿಕೊಂಡರು. ಕೆಳಗೆ ಎಣಿಸುವಾಗ ಕಬ್ಬಿಣ ಕಡಿಮೆ ಮಾಡಿದರು, ಏಕೆಂದರೆ ಆ ಕೆಲಸವನ್ನು ಈಗ ನಡುವಿನ 1,907 ಮೀಟರ್ ಗಾಳಿಯೇ ಮಾಡಿರುತ್ತದೆ.

ಬೆಟ್ಟದ ಮೇಲೆ ಗಂಟೆಗೆ 563 ಮ್ಯೂಯಾನ್ ಸಿಕ್ಕವು. ಬೆಟ್ಟದಷ್ಟು ಎತ್ತರವನ್ನು ಆ ವೇಗದಲ್ಲಿ ಇಳಿಯಲು 6.4 ಮೈಕ್ರೊಸೆಕೆಂಡ್ ಬೇಕು, ಅಂದರೆ ಹೆಚ್ಚುಕಡಿಮೆ ಮೂರು ಆಯುಷ್ಯ. ತಾವೇ ಬೆಟ್ಟದ ಮೇಲೆ ಬರೆದಿಟ್ಟುಕೊಂಡ ಸಾವಿನ ಪಟ್ಟಿಯನ್ನು ನೋಡಿ, ಕೆಳಗೆ 27 ಉಳಿಯಬೇಕು ಎಂದು ಲೆಕ್ಕ ಹಾಕಿದರು. ಕೇಂಬ್ರಿಜ್‌ನಲ್ಲಿ ಗಂಟೆಗೆ ಸಿಕ್ಕದ್ದು 408.

ಇಪ್ಪತ್ತೇಳರ ಜಾಗದಲ್ಲಿ ನಾನೂರ ಎಂಟು. ಈ 408ರಿಂದ ಹಿಂದಕ್ಕೆ ಗುಣಿಸಿದರೆ ಕುಗ್ಗಿದ ಪ್ರಮಾಣ ಸುಮಾರು 8.8 ಪಟ್ಟು ಎಂದು ಸಿಗುತ್ತದೆ. ದಾರಿಯಲ್ಲಿ ವೇಗ ಕಳೆದುಕೊಳ್ಳುವುದನ್ನೂ ಸೇರಿಸಿ ಸಿದ್ಧಾಂತ ಹೇಳುವ ಅಂಕಿಗೆ ಅದು ಹೊಂದುತ್ತದೆ. 1,894ನ್ನು 8.8ರಿಂದ ಭಾಗಿಸಿ ನೋಡಿ: 215. ಕುದುರೆಮುಖದ ಈ ಎತ್ತರ ಬಂದದ್ದು ಹೀಗೆ, ತಲೆ ಎಣಿಕೆಯಿಂದ.

ಇಲ್ಲಿ ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಮೌಂಟ್ ವಾಷಿಂಗ್ಟನ್ ಪ್ರಯೋಗವನ್ನು ಪುಸ್ತಕಗಳು ಸಾಮಾನ್ಯವಾಗಿ ಕಾಲ ಹಿಗ್ಗುವುದಕ್ಕೆ ಸಾಕ್ಷಿ ಎನ್ನುತ್ತವೆ: ಓಡುವ ಮ್ಯೂಯಾನಿನ ಗಡಿಯಾರ ನಿಧಾನ, ಆದ್ದರಿಂದ ಅದು ಹೆಚ್ಚು ಬಾಳುತ್ತದೆ. ನೀವು ನೋಡಿದರೆ ಬೆಟ್ಟ ಕುಗ್ಗಿತು ಎನ್ನುತ್ತೀರಿ. ಎರಡರಲ್ಲಿ ನಿಜ ಯಾವುದು? ಎರಡೂ ನಿಜ, ಒಂದು ನಮ್ಮ ಕಡೆಯ ಮಾತು, ಇನ್ನೊಂದು ಮ್ಯೂಯಾನಿನ ಕಡೆಯ ಮಾತು. ನಮಗೆ ಬೆಟ್ಟ 1,894 ಮೀಟರೇ, ಇಳಿಯಲು 6.36 ಮೈಕ್ರೊಸೆಕೆಂಡ್ ಹಿಡಿಯಿತು, ಆದರೆ ಮ್ಯೂಯಾನಿನ ಗಡಿಯಾರ ನಿಧಾನವಾಗಿದ್ದರಿಂದ ಅದರಲ್ಲಿ ಕಳೆದದ್ದು 0.72 ಮೈಕ್ರೊಸೆಕೆಂಡ್. ಮ್ಯೂಯಾನಿಗೆ ತನ್ನ ಗಡಿಯಾರ ಸರಿಯಾಗಿಯೇ ಇದೆ, ಬೆಟ್ಟವೇ 215 ಮೀಟರ್, ಅದು ತನ್ನನ್ನು ದಾಟಲು ಹಿಡಿದದ್ದು 0.72 ಮೈಕ್ರೊಸೆಕೆಂಡ್. ಎಷ್ಟು ಮ್ಯೂಯಾನ್ ಬದುಕಿ ಬಂದವು ಎಂಬಲ್ಲಿ ಇಬ್ಬರಿಗೂ ತಕರಾರಿಲ್ಲ. ತಲೆಗಳ ಸಂಖ್ಯೆ ಯಾರು ಎಣಿಸಿದರೂ ಅಷ್ಟೇ ಇರಬೇಕು, ಅಷ್ಟೇ ಇದೆ.

ಇಷ್ಟಕ್ಕೆ ಬಿಟ್ಟರೆ ತೃಪ್ತಿಯಾಗದು. ಮ್ಯೂಯಾನಿನ ಕಡೆಯಿಂದ ನೋಡಿದರೆ ಓಡುತ್ತಿರುವುದು ನಾವು, ಹಾಗಾದರೆ ನಮ್ಮ ಗಡಿಯಾರಗಳೇ ನಿಧಾನವಾಗಿರಬೇಕಲ್ಲ? ಹೌದು, ಅದರ ಲೆಕ್ಕದಲ್ಲಿ ನಮ್ಮವೇ ನಿಧಾನ. ಅದರ 0.72 ಮೈಕ್ರೊಸೆಕೆಂಡ್ ಕಳೆಯುವಷ್ಟರಲ್ಲಿ ನಮ್ಮ ಗಡಿಯಾರದಲ್ಲಿ ಕಳೆದದ್ದು 0.08 ಮಾತ್ರ. ಮತ್ತೆ ನಾವು 6.36 ಎಂದು ಓದಿದ್ದು ಹೇಗೆ? ಮಿಕ್ಕ 6.28 ಎಲ್ಲಿಂದ ಬಂತು? ಸಾಪೇಕ್ಷತೆಯ ತಿರುಳು ಇರುವುದು ಈ 6.28ರಲ್ಲಿ ಎಂದು ನನ್ನ ಅಭಿಪ್ರಾಯ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಓಡುತ್ತಿರುವ ವಸ್ತುವಿನ ಉದ್ದ ಅಳೆಯುವುದು ಹೇಗೆ ಎಂದು ಯೋಚಿಸಿ. ಕಳಸದ ಬಸ್ ನಿಲ್ದಾಣದಲ್ಲಿ ನಿಂತ ಬಸ್ಸಾದರೆ ಟೇಪು ಹಿಡಿದು ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ನಡೆದು ಅಳೆಯಬಹುದು. ಓಡುವ ಬಸ್ಸಿಗೆ ಹಾಗಾಗದು. ಮೂತಿ ಎಲ್ಲಿದೆಯೋ ಅಲ್ಲೊಂದು ಗುರುತು, ಹಿಂಬದಿ ಎಲ್ಲಿದೆಯೋ ಅಲ್ಲೊಂದು ಗುರುತು, ಎರಡನ್ನೂ ಒಂದೇ ಕ್ಷಣದಲ್ಲಿ ರಸ್ತೆಯ ಮೇಲೆ ಹಾಕಬೇಕು. ಒಂದನ್ನು ಈಗ ಹಾಕಿ ಇನ್ನೊಂದನ್ನು ಆಮೇಲೆ ಹಾಕಿದರೆ ಸಿಗುವುದು ಬಸ್ಸಿನ ಉದ್ದವಲ್ಲ. ಐನ್‌ಸ್ಟೈನ್ ಕೇಳಿದ್ದು, ಆ ‘ಒಂದೇ ಕ್ಷಣ’ ಯಾರ ಕ್ಷಣ ಎಂದು. ಎರಡು ಜಾಗಗಳಲ್ಲಿ ನಡೆದ ಘಟನೆಗಳು ನಮಗೆ ಏಕಕಾಲದವಾದರೆ, ನಮ್ಮೆದುರು ಓಡುತ್ತಿರುವವರಿಗೆ ಅವು ಏಕಕಾಲದವಲ್ಲ. ಬೆಳಕಿನ ವೇಗ ಎಲ್ಲರಿಗೂ ಒಂದೇ ಎಂದು ಒಪ್ಪಿದ ಕೂಡಲೇ ಇದನ್ನೂ ಒಪ್ಪಲೇಬೇಕಾಗುತ್ತದೆ.

ಈಗ ಎರಡು ಗಡಿಯಾರ ಇಡೋಣ. ಒಂದು ಕುದುರೆಮುಖದ ತುದಿಯಲ್ಲಿ, ಇನ್ನೊಂದು ಸಮುದ್ರದ ಮಟ್ಟದಲ್ಲಿ. ನಮ್ಮ ಪಾಲಿಗೆ ಎರಡೂ ಕರಾರುವಾಕ್ಕಾಗಿ ಹೊಂದಿಕೊಂಡಿವೆ. ತುದಿ ಮ್ಯೂಯಾನನ್ನು ದಾಟುವ ಕ್ಷಣದಲ್ಲಿ ಮೇಲಿನ ಗಡಿಯಾರ ಸೊನ್ನೆ ತೋರಿಸುತ್ತಿದೆ. ನಮ್ಮ ಪ್ರಕಾರ ಆಗ ಕೆಳಗಿನದ್ದೂ ಸೊನ್ನೆ. ಮ್ಯೂಯಾನಿನ ಪ್ರಕಾರ ಆ ಕ್ಷಣದಲ್ಲಿ ಕೆಳಗಿನ ಗಡಿಯಾರ ಆಗಲೇ 6.28 ಮೈಕ್ರೊಸೆಕೆಂಡ್ ತೋರಿಸುತ್ತಿದೆ. ಅಲ್ಲಿಂದ ಮುಂದೆ ಅದು ನಿಧಾನವಾಗಿ 0.08 ಮೈಕ್ರೊಸೆಕೆಂಡ್ ನಡೆದು ಮ್ಯೂಯಾನನ್ನು ಎದುರುಗೊಳ್ಳುತ್ತದೆ. ಕೂಡಿಸಿದರೆ 6.36. ನಮ್ಮ ಲೆಕ್ಕಕ್ಕೂ ಅದರ ಲೆಕ್ಕಕ್ಕೂ ಒಂದು ಕಾಸಿನ ವ್ಯತ್ಯಾಸವಿಲ್ಲ. ಯಾರೂ ಬೆಟ್ಟವನ್ನು ಅದುಮಲಿಲ್ಲ, ಒಂದು ಬಂಡೆ ಬಿರುಕು ಬಿಡಲಿಲ್ಲ. ಬೆಟ್ಟದ ತುದಿ ಮತ್ತು ಬುಡ ‘ಈಗ’ ಎಲ್ಲಿವೆ ಎಂಬ ಪ್ರಶ್ನೆಯಲ್ಲಿ ಆ ‘ಈಗ’ ಬೇರೆಯಾಯಿತು, ಅದರ ಜೊತೆ ಉದ್ದವೂ ಬೇರೆಯಾಯಿತು.

ಐನ್‌ಸ್ಟೈನ್‌ಗಿಂತ ಮೊದಲು, 1889ರಲ್ಲಿ ಐರ್ಲೆಂಡಿನ ಫಿಟ್ಸ್‌ಜೆರಾಲ್ಡ್, ಆಮೇಲೆ 1892ರಲ್ಲಿ ಹಾಲೆಂಡಿನ ಲೊರೆಂಟ್ಸ್ ಉದ್ದ ಕುಗ್ಗುತ್ತದೆಂದು ಹೇಳಿದ್ದರು. ಆದರೆ ಅವರು ಈಥರ್ ಎಂಬುದರ ನಡುವೆ ಚಲಿಸುವಾಗ ವಸ್ತುವೇ ಒತ್ತಡಕ್ಕೆ ಸಿಕ್ಕಂತೆ ಕುಗ್ಗುತ್ತದೆಂದು ಭಾವಿಸಿದ್ದರು. ಸೂತ್ರ ಅದೇ, ಅರ್ಥ ಬೇರೆ.

ಕುಗ್ಗುವುದು ಓಟದ ದಿಕ್ಕಿನಲ್ಲಿ ಮಾತ್ರ. ನೇರ ಕೆಳಕ್ಕೆ ಇಳಿಯುವ ಮ್ಯೂಯಾನಿಗೆ ಕುದುರೆಮುಖದ ಎತ್ತರ ಎಂಟೂಮುಕ್ಕಾಲು ಪಟ್ಟು ಕಡಿಮೆಯಾದರೂ ಬೆಟ್ಟದ ಹರವು ಕೂದಲೆಳೆಯಷ್ಟೂ ಬದಲಾಗದು. ಸಂಸೆ, ಕಳಸ, ಹೊರನಾಡು ಪರಸ್ಪರ ಎಷ್ಟು ದೂರವೋ ಅಷ್ಟೇ ದೂರ. ಕಡಿದಾದ ಶಿಖರ ಅದಕ್ಕೆ ಅಗಲವಾದ, ತಗ್ಗಿನ ಬಾಣೆ.

ಇಷ್ಟು ದೊಡ್ಡ ಸಂಗತಿ ನಮ್ಮ ಅನುಭವಕ್ಕೆ ಯಾಕೆ ಬರುವುದಿಲ್ಲ? ಅದಕ್ಕೂ ಅಂಕಿಯೇ ಉತ್ತರ. ಕಳಸದಿಂದ ಹೊರನಾಡಿಗೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಹತ್ತು ಮೀಟರ್ ಉದ್ದದ ಬಸ್ಸು ರಸ್ತೆಬದಿಯಲ್ಲಿ ನಿಂತವರ ಅಳತೆಗೆ ಕುಗ್ಗುತ್ತದೆ, ಖಂಡಿತ ಕುಗ್ಗುತ್ತದೆ. ಎಷ್ಟು ಎಂದರೆ, ಒಂದು ಮೀಟರನ್ನು ಕೋಟಿ ಭಾಗ ಮಾಡಿ ಅದರಲ್ಲೊಂದು ಭಾಗವನ್ನು ಮತ್ತೆ ಕೋಟಿ ಭಾಗ ಮಾಡಿದರೆ ಸಿಗುವ ತುಣುಕಿಗಿಂತಲೂ ಕಡಿಮೆ. ನಾಲ್ಕು ಪ್ರೋಟಾನುಗಳನ್ನು ಪಕ್ಕಪಕ್ಕ ಇಟ್ಟಷ್ಟು. ಬೆಂಗಳೂರಿನಿಂದ ಹೊರನಾಡಿಗೆ ರಸ್ತೆ ಸುಮಾರು 320 ಕಿಲೋಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಯಾತ್ರಿಕರಿಗೆ ಇಡೀ ದಾರಿ ಕಡಿಮೆಯಾಗುವುದು ಎರಡು ನೀರಿನ ಅಣುಗಳ ಅಗಲದಷ್ಟು. ಗಂಟೆಗೆ 27,000 ಕಿಲೋಮೀಟರಿಗೂ ಮೀರಿ ಸುತ್ತುವ 109 ಮೀಟರ್ ಉದ್ದದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ, ಆ ಉದ್ದ ಓಟದ ದಿಕ್ಕಿಗೆ ಇದ್ದರೆ, ನಮ್ಮ ಲೆಕ್ಕದಲ್ಲಿ ಕುಗ್ಗುವುದು ಕೂದಲಿನ ದಪ್ಪದ ಎರಡು ಸಾವಿರದ ಒಂದು ಪಾಲು. ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ಸೂರ್ಯನನ್ನು ಸುತ್ತುವ ಭೂಮಿಯ 12,742 ಕಿಲೋಮೀಟರ್ ವ್ಯಾಸ ಸೂರ್ಯನ ಲೆಕ್ಕದಲ್ಲಿ 6 ಸೆಂಟಿಮೀಟರ್ ಕಡಿಮೆ. ನಾವು ನೋಡುವ, ಹತ್ತುವ, ಏರಿ ಇಳಿಯುವ ಎಲ್ಲವೂ ಸಿದ್ಧಾಂತದ ಈ ನಿಧಾನದ ಅಂಚಿನಲ್ಲಿವೆ. ಮ್ಯೂಯಾನ್ ಒಂದೇ ಇನ್ನೊಂದು ಅಂಚಿನಿಂದ ನಮ್ಮ ಅಂಗಳಕ್ಕೆ ದಿನವೂ ಬಂದು ಬೀಳುವುದು.

ಈ ಕಥೆಗೆ ಕರ್ನಾಟಕ ಹೊರಗಿನದ್ದಲ್ಲ. ಹೋಮಿ ಭಾಭಾ 1938ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇದ್ದಾಗ, ಇಂಥ ಭಾರದ ಕಣಗಳು ತಾವಾಗಿಯೇ ಒಡೆಯುವುದಾದರೆ ವೇಗವಾಗಿ ಓಡುವವು ಹೆಚ್ಚು ಕಾಲ ಬಾಳಬೇಕು, ಅದನ್ನು ನೋಡಿ ಸಾಪೇಕ್ಷತೆಯನ್ನೇ ಪರೀಕ್ಷಿಸಬಹುದು ಎಂದು ‘ನೇಚರ್’ ಪತ್ರಿಕೆಯಲ್ಲಿ ಬರೆದರು. ರಾಸಿ ಮತ್ತು ಹಾಲ್ ಎಣಿಸುವುದಕ್ಕೆ ಮೂರು ವರ್ಷ ಮೊದಲಿನ ಮಾತು. ಮರುವರ್ಷ ರಜೆಗೆಂದು ಭಾರತಕ್ಕೆ ಬಂದ ಭಾಭಾ ಯುದ್ಧ ಶುರುವಾದ್ದರಿಂದ ಇಲ್ಲೇ ಉಳಿದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಅಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನಾ ಘಟಕ ಕಟ್ಟಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಮೊದಲು ಕೆಲಸ ಆರಂಭಿಸಿದ್ದೂ ಬೆಂಗಳೂರಿನಲ್ಲೇ.

ಆಮೇಲೆ ಮ್ಯೂಯಾನುಗಳನ್ನು ಹಿಂಬಾಲಿಸಿ ನೆಲದೊಳಕ್ಕೆ ಇಳಿದವರು ಮೈಸೂರು ಸೀಮೆಯವರಾದ ಬಿ.ವಿ. ಶ್ರೀಕಂಠನ್. 1950ರ ದಶಕದ ಆರಂಭದಲ್ಲಿ ಅವರು ಕೋಲಾರದ ಚಿನ್ನದ ಗಣಿಗಳಲ್ಲಿ ಬೇರೆಬೇರೆ ಆಳಗಳಲ್ಲಿ ಮ್ಯೂಯಾನುಗಳನ್ನು ಎಣಿಸಿದರು. ಗಣಿ ಆಳವಾದಷ್ಟೂ ಮ್ಯೂಯಾನ್ ವಿರಳ, ಆದರೆ ಉಳಿದವು ಅಷ್ಟೂ ಬಲಶಾಲಿ. ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಮ್ಯೂಯಾನಿಗೆ ಹದಿನೈದು ಕಿಲೋಮೀಟರ್ ವಾಯುಮಂಡಲ ಒಂದೂವರೆ ಮೀಟರಿಗಿಂತ ತುಸು ಹೆಚ್ಚು: ತುದಿ ಚಿವುಟಿ ಐದಡಿಗೆ ನಿಲ್ಲಿಸಿದ ಅರೇಬಿಕಾ ಗಿಡದೆತ್ತರ. 7,600 ಅಡಿ ಆಳದ ಗಣಿಯನ್ನು ತಲುಪಬೇಕಾದರೆ ನೆಲ ಮುಟ್ಟುವಾಗ ಅದರ ಎಂಟು ಪಟ್ಟಿನಷ್ಟಾದರೂ ಶಕ್ತಿ ಬೇಕು. ಅಂಥದ್ದಕ್ಕೆ ವಾಯುಮಂಡಲ ಒಂದು ಗೇಣು. ಅದೇ ಆಳದಲ್ಲಿ, ಮ್ಯೂಯಾನುಗಳ ಗದ್ದಲ ಹೆಚ್ಚುಕಡಿಮೆ ಅಡಗಿದ ಜಾಗದಲ್ಲಿ, 1965ರಲ್ಲಿ ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದವರು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಗುರುತಿಸಿದರು. ಜಗತ್ತಿನಲ್ಲಿ ಅಂಥ ಮೊದಲ ಕೆಲಸಗಳಲ್ಲಿ ಅದೊಂದು. ಆ ಗಣಿಗಳು 2001ರಲ್ಲಿ ಮುಚ್ಚಿದವು. ನಮ್ಮ ಶಾಲೆಯ ಮಕ್ಕಳಿಗೆ ಕೆಜಿಎಫ್ ಎಂದರೆ ಚಿನ್ನ, ಸಿನಿಮಾ ಎಂದಷ್ಟೇ ಗೊತ್ತಿರುವುದು ನನಗೆ ನೋವಿನ ಸಂಗತಿ.

ಮಿತಿ ಎಲ್ಲಿದೆ ಎಂದು ನೋಡಬೇಕೆನಿಸಿದರೆ 1991ರ ಅಕ್ಟೋಬರ್ 15ರ ರಾತ್ರಿಗೆ ಹೋಗಬೇಕು. ಅಂದು ಅಮೆರಿಕದ ಯೂಟಾ ಮರುಭೂಮಿಯ ಮೇಲೆ ಅಂತರಿಕ್ಷದಿಂದ ಬಂದ ಒಂದೇ ಒಂದು ಕಣದಲ್ಲಿ ಸುಮಾರು 50 ಜೂಲ್ ಶಕ್ತಿಯಿತ್ತು, ಸ್ಪಿನ್ ಬೌಲರ್ ಎಸೆದ ಕ್ರಿಕೆಟ್ ಚೆಂಡಿನಷ್ಟು. ಅದು ಪ್ರೋಟಾನ್ ಆಗಿದ್ದರೆ ಅದರೆದುರು ಎಲ್ಲವೂ ಸುಮಾರು 34,000 ಕೋಟಿ ಪಟ್ಟು ಕುಗ್ಗಿದ್ದವು. ಬೆಳಕೇ ದಾಟಲು ಲಕ್ಷ ವರ್ಷ ತೆಗೆದುಕೊಳ್ಳುವ ನಮ್ಮ ಕ್ಷೀರಪಥ ಅದಕ್ಕೆ 28 ಲಕ್ಷ ಕಿಲೋಮೀಟರ್, ನಮಗೂ ಚಂದ್ರನಿಗೂ ಇರುವ ದೂರದ ಏಳು ಪಟ್ಟು. ಇಡೀ ಭೂಮಿ ಅದರ ಓಟದ ದಿಕ್ಕಿನಲ್ಲಿ ಅರ್ಧ ಕೂದಲಿನ ದಪ್ಪದ ಒಂದು ಹಾಳೆ. ಅಂಥದ್ದು ನೇರ ಕುದುರೆಮುಖದ ಮೇಲೆ ಇಳಿದರೆ ಬೆಟ್ಟದ ಎತ್ತರ ಇಪ್ಪತ್ತು ನೀರಿನ ಅಣುಗಳನ್ನು ಒಂದರ ಮೇಲೊಂದು ಇಟ್ಟಷ್ಟು.

ಇಂಥ ಅಂಕಿಗಳು ಓದಲು ಮಾತ್ರ. ಮ್ಯೂಯಾನಿನದು ಹಾಗಲ್ಲ, ಅದನ್ನು ನಾವೇ ಎಣಿಸಬಹುದು. ಪ್ಲಾಸ್ಟಿಕ್ ಸಿಂಟಿಲೇಟರ್, ಬೆಳಕು ಹಿಡಿಯುವ ನಳಿಕೆ, ಕಾಲ ಅಳೆಯುವ ಒಂದು ಸರ್ಕ್ಯೂಟ್, ಕಬ್ಬಿಣದ ಹಲಗೆಗಳು ಇದ್ದರೆ ಪದವಿ ಕಾಲೇಜಿನ ಭೌತಶಾಸ್ತ್ರ ವಿಭಾಗಕ್ಕೆ ಇದು ಮೀರಿದ್ದಲ್ಲ. ಕುದುರೆಮುಖಕ್ಕೆ ಹೊತ್ತು ಹತ್ತಿಸುವುದು ಕಷ್ಟ, ಅದು ರಾಷ್ಟ್ರೀಯ ಉದ್ಯಾನದೊಳಗಿನ ಶಿಖರ. ಮುಳ್ಳಯ್ಯನಗಿರಿ 1,930 ಮೀಟರ್, ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಮೇಲೆ ಒಂದು ಎಣಿಕೆ, ಆಮೇಲೆ ಅದೇ ಉಪಕರಣವನ್ನು ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿನ ಪಣಂಬೂರು ಕಡಲತೀರದಲ್ಲಿ ಇನ್ನೊಂದು ಎಣಿಕೆ. ಭೂಮಿಯ ಕಾಂತಕ್ಷೇತ್ರ ನಮ್ಮ ಅಕ್ಷಾಂಶದಲ್ಲಿ ಹೊರಗಿನ ಪ್ರೋಟಾನುಗಳನ್ನು ಹೆಚ್ಚು ತಡೆಯುವುದರಿಂದ ಇಲ್ಲಿ ಸಿಗುವ ಸಂಖ್ಯೆ ಅಮೆರಿಕದ್ದಕ್ಕಿಂತ ಕಡಿಮೆ ಇರುತ್ತದೆ, ಆದರೆ ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅನುಪಾತ ಹೆಚ್ಚು ಬದಲಾಗದು. ಗಿರಿಯಲ್ಲಿ ಗಂಟೆಗೆ ಐನೂರು ಸಿಕ್ಕಿದವು ಎನ್ನಿ. ದೂರವೂ ಕಾಲವೂ ಎಲ್ಲರಿಗೂ ಒಂದೇ ಎಂಬ ಹಳೆಯ ಲೆಕ್ಕದಂತೆ ಪಣಂಬೂರಿನಲ್ಲಿ ಇಪ್ಪತ್ತೈದೋ ಮೂವತ್ತೋ ಸಿಗಬೇಕು. ಮುನ್ನೂರೈವತ್ತರ ಆಸುಪಾಸು ಸಿಗುತ್ತವೆ.